ಕೊನೆಯ ಹದಿನಾರು ಪುಟ

ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ತೆರೆದು ನೋಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ನಾದಿನಿ ಹಾಗೆ. ಪುಸ್ತಕ ಕೈಗೆ ಬಂದದ್ದೇ ಹಿಂದಿನಿಂದ ತೆರೆದು, "ಓ, ಮದುವೆ ಆಗ್ತದೆ" ಎಂದು ಸಮಾಧಾನ ಮಾಡಿಕೊಂಡು, ಆಮೇಲೆ ಒಂದನೆಯ ಪುಟಕ್ಕೆ ಬರುತ್ತಾಳೆ. "ಹಾಗಾದ್ರೆ ಓದುವುದು ಯಾಕೆ ಮಾರಾಯ್ತಿ?" ಎಂದು ನಾನು ಎಷ್ಟೋ ಸಲ ಜಗಳ ಆಡಿದ್ದೇನೆ. ನಾನಾದರೋ ಶಿಸ್ತಿನವಳು, ಪುಟದಿಂದ ಪುಟಕ್ಕೆ ಮರ್ಯಾದೆಯಿಂದ ಹೋಗುವವಳು. ಈ ಮರ್ಯಾದೆಯೇ ಒಮ್ಮೆ ನನ್ನನ್ನು ಸರಿಯಾಗಿ ಸಿಕ್ಕಿಸಿಹಾಕಿತು.

ಆಗ ನಾನು ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ಥಾಣೆಯ ಒಂದು ಆಫೀಸಿಗೆ ಹೋಗಿಬರುತ್ತಿದ್ದೆ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ರೈಲು, ಲೇಡೀಸ್ ಡಬ್ಬ. ಎದುರಿಗೆ ಎಲ್ಲರೂ ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎಂದು ಕರೆಯುವ ಶಿಂದೆ ಕಾಕು, ಸಂಜೆಯ ಅಡುಗೆಗೆ ಬೆಳಿಗ್ಗೆಯೇ ಬಟಾಣಿ ಬಿಡಿಸುತ್ತ ಕೂರುವವರು. ಪಕ್ಕದಲ್ಲಿ ಅಶ್ವಿನಿ. ಕುಂದಾಪುರದ ಕಡೆಯವರ ಮಗಳಾದರೂ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ, ಉತ್ತರ ಹಿಂದಿಯಲ್ಲಿ. ಥಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಯ ಕಂಪನಿಗೆ ಹೋಗುತ್ತಿದ್ದಳು. ಕನ್ನಡ ವಾಚನಾಲಯದಿಂದ ತಂದ ಕಾದಂಬರಿಯನ್ನು ಇವರಿಬ್ಬರಿಗೂ ದಿನಕ್ಕಿಷ್ಟು ಎಂದು ಹಿಂದಿಯಲ್ಲಿ ಹೇಳುವುದು ನನ್ನ ರೂಢಿ. ನನ್ನ ಹಿಂದಿ ಹೇಗಿತ್ತೆಂದು ಕೇಳಬೇಡಿ. ದಿವಾ ಸ್ಟೇಷನ್ ಬಂದರೆ ಕಥೆ ನಿಲ್ಲುತ್ತಿತ್ತು. ಅಲ್ಲಿ ಹತ್ತುವವರ ನೂಕಿನಲ್ಲಿ ಉಸಿರಾಡುವುದೇ ಕಷ್ಟ, ಪ್ರೇಮ ಎಲ್ಲಿಂದ ಬರಬೇಕು?

ಆ ಸಲದ್ದು ಹಳೆಯ ಪ್ರೇಮಕಥೆಯೊಂದನ್ನು ಈ ಕಾಲಕ್ಕೆ ಹೊಂದಿಸಿ ಬರೆದ ಕಾದಂಬರಿ. ಹುಡುಗಿ ಇಪ್ಪತ್ತರ ಪ್ರಾಯದಲ್ಲಿ ಒಬ್ಬನನ್ನು ಮೆಚ್ಚುತ್ತಾಳೆ. ಅವನಿಗೆ ಕೆಲಸವಿಲ್ಲ, ಮನೆಯಿಲ್ಲ ಎಂದು ದೊಡ್ಡವರು ಹೇಳಿದ ಮಾತಿಗೆ ಬೇಡ ಎನ್ನುತ್ತಾಳೆ. ಎಷ್ಟೋ ವರ್ಷದ ಮೇಲೆ ಅವನು ದೊಡ್ಡ ಕಾರಿನಲ್ಲಿ ಬಂದು ಇಳಿಯುತ್ತಾನೆ. ಇವಳಿಗೆ ಇನ್ನೂ ಮನಸ್ಸಿದೆ, ಅವನಿಗೆ ಸಿಟ್ಟಿದೆ. ಕಥೆ ಅರ್ಧಕ್ಕೆ ಬಂದ ದಿನ ಅಶ್ವಿನಿ ನನ್ನ ಕೈ ಹಿಡಿದು, "ಆಂಟಿ, ಯೇ ತೋ ಮೇರೀ ಸ್ಟೋರಿ ಹೈ" ಎಂದಳು. ಅವಳೂ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗನನ್ನು ಅಮ್ಮನ ಮಾತು ಕೇಳಿ ಬಿಟ್ಟಿದ್ದಳಂತೆ. ಅವನು ಆಮೇಲೆ ಓದಿ, ಈಗ ಅವಳ ಕಂಪನಿಗೇ ಸೇರಿದ್ದಾನಂತೆ. ಭಾನುವಾರ ಅವನ ಮನೆಯವರು ಹೆಣ್ಣು ಕೇಳಲು ಬರುತ್ತಾರಂತೆ. "ಫ್ರೈಡೇ ತಕ್ ಎಂಡ್ ಬತಾ ದೋ ಆಂಟಿ, ಪ್ಲೀಸ್." ಶುಕ್ರವಾರದೊಳಗೆ ಕಥೆಯ ಕೊನೆ ಬೇಕೇ ಬೇಕಂತೆ. ಅಯ್ಯೋ ದೇವರೇ, ಒಂದು ಹುಡುಗಿಯ ಬಾಳು ನನ್ನ ಕೈಗೆ ಬಂತಲ್ಲ ಎಂದು ಹೆದರಿಕೆಯಾಯಿತು. ಸುಳ್ಳು ಯಾಕೆ, ಹೆಮ್ಮೆಯೂ ಆಯಿತು.

ಗುರುವಾರ ಸಂಜೆ ಕೊನೆಯ ಅಧ್ಯಾಯ ಹಿಡಿದೆ. ಹೀರೋ ಕಾರಿನ ಬಾಗಿಲು ತೆರೆದು, "ನಿನ್ನನ್ನು ಒಂದು ಮಾತು ಕೇಳಬೇಕಿತ್ತು" ಎನ್ನುತ್ತಾನೆ. ಪುಟ ತಿರುಗಿಸಿದರೆ ರಟ್ಟು! ಹೊಲಿಗೆ ಬಿಟ್ಟು ಹದಿನಾರು ಪುಟ ಎಲ್ಲೋ ಉದುರಿಹೋಗಿದ್ದವು. ನಾದಿನಿಯಾಗಿದ್ದರೆ ಮೊದಲ ದಿನವೇ ಕಂಡುಹಿಡಿಯುತ್ತಿದ್ದಳು. ವಾಚನಾಲಯ ತೆರೆಯುವುದು ಭಾನುವಾರ ಮಾತ್ರ. ಕೊನೆ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಎರಡು ವಾರ ಡಬ್ಬದಲ್ಲಿ ಮೆರೆದವಳಿಗೆ ಹಾಗೆನ್ನಲು ನಾಲಿಗೆ ಏಳಬೇಕಲ್ಲ!

ಶುಕ್ರವಾರ ನಾನೇ ಕಟ್ಟಿ ಹೇಳಿದೆ. ಹುಡುಗಿ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಳೆ. ಫಾಸ್ಟ್ ಗಾಡಿ ಬಂದಿದೆ. ಅವನು ಒಂದು ಕಾಲು ಒಳಗಿಟ್ಟಾಗಿದೆ, ಖಾಲಿ ಸೀಟೂ ಕಾಣುತ್ತಿದೆ, ಅದೂ ಕಿಟಕಿಯದು. ಅಷ್ಟರಲ್ಲಿ ಅವಳನ್ನು ನೋಡಿದ. ಗಾಡಿ ಬಿಟ್ಟ. ಹಿಂದಿನಿಂದ ಬಂದ ಗಾಡಿಯನ್ನೂ ಬಿಟ್ಟ. ಲೋಕಲ್ ಗಾಡಿಯ ಹೆಂಗಸರಿಗೆ ಇದಕ್ಕಿಂತ ದೊಡ್ಡ ತ್ಯಾಗ ಬೇರೆ ಹೇಳಬೇಕೇ? ಬಾಗಿಲಲ್ಲಿ ನಿಂತಿದ್ದವರೂ ಕಿವಿಗೊಟ್ಟರು. ಅಶ್ವಿನಿ ನನ್ನನ್ನು ತಬ್ಬಿಕೊಂಡು ಇಳಿದುಹೋದಳು.

ಭಾನುವಾರ ಪುಸ್ತಕ ಹಿಂತಿರುಗಿಸಲು ಹೋದರೆ, ವಾಚನಾಲಯ ನೋಡಿಕೊಳ್ಳುವ ಭಟ್ಟರು ಡ್ರಾಯರಿನಿಂದ ಆ ಪುಟಗಳನ್ನು ತೆಗೆದು, "ಇಲ್ಲೇ ಉಂಟಲ್ಲ ಅಮ್ಮ, ಆಗಲೇ ಕೇಳುವುದಲ್ವಾ?" ಎಂದರು. ನಿಂತಲ್ಲೇ ಓದಿದೆ. ಅವನು ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ಅವಳು, "ಆಗ ಬೇಡ ಅಂದದ್ದು ಬೇರೆಯವರ ಮಾತಿಗೆ, ಈಗ ಬೇಡ ಅನ್ನುವುದು ನಾನೇ" ಎಂದು ಕೈಕುಲುಕಿ ಹೊರಟೇಹೋಗುತ್ತಾಳೆ! ನನ್ನ ಗ್ರಹಚಾರ. ಮನೆಗೆ ಬಂದು ನನ್ನವರಿಗೆ ಹೇಳಿದರೆ, "ಅವಳೇನು ನಿನ್ನ ಪುಸ್ತಕ ನೋಡಿ ಮದುವೆ ಆಗ್ತಾಳಾ? ಸುಮ್ಮನೆ ಊಟ ಮಾಡು" ಎಂದರು. ಸೋಮವಾರ ಅಶ್ವಿನಿ ಗಾಡಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಮಾಡಲು ನನಗೆ ಧೈರ್ಯವಿಲ್ಲ. ಮೂರು ವಾರ ಆ ಖಾಲಿ ಜಾಗ ನೋಡಿ ನೋಡಿ ನಾನು ಸೊರಗಿದೆ.

ಕೊನೆಗೊಂದು ಬೆಳಿಗ್ಗೆ ಮದುವೆಯ ಕಾಗದ ಹಿಡಿದು ನಮ್ಮ ಡಬ್ಬದಲ್ಲೇ ಪ್ರತ್ಯಕ್ಷಳಾದಳು. ಕಾಗದ ಕೈಗೆ ತೆಗೆದುಕೊಳ್ಳುವ ಮೊದಲೇ ನಾನು ಎಲ್ಲ ಒಪ್ಪಿಕೊಂಡುಬಿಟ್ಟೆ. ಪುಟ ಇರಲಿಲ್ಲ, ನಾನೇ ಕಟ್ಟಿದ್ದು, ನಿಜವಾದ ಕೊನೆಯಲ್ಲಿ ಅವಳು ಬೇಡ ಅನ್ನುತ್ತಾಳೆ, ನೀನು ಇನ್ನೊಮ್ಮೆ ಯೋಚಿಸು ಎಂದು ಒಂದೇ ಉಸಿರಿಗೆ ಹೇಳಿದೆ. ಅಶ್ವಿನಿ ಬಿದ್ದು ಬಿದ್ದು ನಕ್ಕಳು. "ಆಂಟಿ, ಉಸ್‌ಕೋ ಹಾಂ ತೋ ಮೈಂ ಪೆಹಲೇ ಹೀ ಬೋಲ್ ಚುಕೀ ಥೀ!" ಕಥೆ ಶುರುವಾಗುವ ಮೊದಲೇ ಅವಳು ಒಪ್ಪಿ ಆಗಿತ್ತಂತೆ. ಹೆಣ್ಣು ಕೇಳುವುದು ಎಂದದ್ದು ಹೆಸರಿಗೆ, ಭಾನುವಾರ ನಡೆದದ್ದು ದಿನ ಗೊತ್ತುಮಾಡುವ ಮಾತು. ಸೋಮವಾರದಿಂದ ಅವನ ಬೈಕಿನಲ್ಲೇ ರಬಾಳೆಗೆ ಹೋಗುವುದೆಂದು ಇಬ್ಬರೂ ನಿಶ್ಚಯಿಸಿಕೊಂಡಿದ್ದರು. ಹಾಗಾಗಿ, ಕಥೆ ಪೂರ್ತಿ ಕೇಳಿಯೇ ಗಾಡಿ ಬಿಡೋಣ ಎಂದು ಶುಕ್ರವಾರದ ಅವಸರ, ಅಷ್ಟೇ.

ಶಿಂದೆ ಕಾಕು ಬಟಾಣಿಯಿಂದ ತಲೆ ಎತ್ತಲೇ ಇಲ್ಲ. "ಕೊನೆ ನೀನೇ ಕಟ್ಟಿದ್ದೆಂದು ನಮಗೆ ಆವತ್ತೇ ತಿಳಿದಿತ್ತು" ಎಂದು ಮರಾಠಿಯಲ್ಲಿ ಹೇಳಿ, ನನಗೆ ಸರಿಯಾಗಿ ತಾಗಲಿ ಎಂದು ಹಿಂದಿಗೆ ಹೊರಳಿದರು. "ಇತನೀ ಬಡೀ ಕಾರ್‌ವಾಲಾ ಹೀರೋ ಲೋಕಲ್ ಮೇಂ ಕ್ಯೂಂ ಚಢೇಗಾ?"

ಹೌದಲ್ಲ, ಅಷ್ಟು ದೊಡ್ಡ ಕಾರಿನವನು ಲೋಕಲ್ ಯಾಕೆ ಹತ್ತುತ್ತಾನೆ! ಅಂತೂ ನನಗೆ ಹೋದ ಜೀವ ಬಂದಂತಾಯಿತು. ನನ್ನ ಮಾತಿನಿಂದ ಯಾರ ಬಾಳೂ ಕೆಟ್ಟಿಲ್ಲ, ದೇವರು ದೊಡ್ಡವನು. ಆದರೂ ಥಾಣೆಯಲ್ಲಿ ಇಳಿದು ಸೇತುವೆಯ ಮೆಟ್ಟಿಲು ಹತ್ತುವಾಗ, ಇಷ್ಟೆಲ್ಲ ಒದ್ದಾಡಿದ್ದಕ್ಕೆ ಆ ಮದುವೆ ಒಂದು ಚೂರಾದರೂ ನನ್ನಿಂದ ಆಗಬಾರದಿತ್ತೇ ಎಂದು ಹೊಟ್ಟೆಯುರಿದದ್ದು ಮಾತ್ರ ಸುಳ್ಳಲ್ಲ.