ಅರ್ಧ ಹೋಳಿಗೆಯ ಬೀಗರು

ಹೊಟ್ಟೆ ತುಂಬುವುದು ಅಂದರೇನು ಎಂಬುದು ನನಗೆ ಐವತ್ತಮೂರನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಊಟ ನಿಲ್ಲಿಸುವುದಕ್ಕೆ ನನಗೆ ಹೊರಗಿನ ಕಾರಣಗಳು ಬೇಕಾಗುತ್ತಿದ್ದವು. ಪಾತ್ರೆ ಬರಿದಾಗಬೇಕು, ಇಲ್ಲವೇ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತುಂಬಿಕೊಳ್ಳಲು ಬಂದ ಲಾರಿಯವನು ಹಾರ್ನ್ ಹೊಡೆಯಬೇಕು, ಅದೂ ಇಲ್ಲದಿದ್ದರೆ ನನ್ನ ಹೆಂಡತಿ ಶಾರದಾ ರೊಟ್ಟಿ ಬಡಿಯುವುದು ಬಿಟ್ಟು ನನ್ನ ಮುಖ ನೋಡಬೇಕು. ಒಳಗಿನಿಂದ 'ಸಾಕಪ್ಪಾ' ಎಂಬ ಮಾತು ಒಂದು ಸಲವೂ ಬಂದದ್ದಿಲ್ಲ. ಶಹಾಬಾದಿನಲ್ಲಿ ನನ್ನದೊಂದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇದೆ. ಕಲ್ಲು ತೂಗುವ ಕಾಂಟಾದ ಮೇಲೆ ಲಾರಿಯ ಜೊತೆ ನನ್ನನ್ನೂ ನಿಲ್ಲಿಸಿ ತಮಾಷೆ ನೋಡುವಷ್ಟು ಸಲಿಗೆ ನಮ್ಮ ಹಮಾಲರಿಗೆ ಇತ್ತು. ನಾನೂ ನಗುತ್ತಿದ್ದೆ. ನಗದೆ ಏನು ಮಾಡುವುದು, ಮುಳ್ಳು ಅಲುಗಾಡುತ್ತಿದ್ದುದಂತೂ ನಿಜ.

ನಗು ನಿಂತದ್ದು ಮಗಳು ಅಶ್ವಿನಿಯ ಮದುವೆಯ ಮಾತು ಶುರುವಾದಾಗ. ಸೇಡಂನಲ್ಲಿ ಒಂದು ಒಳ್ಳೆಯ ಮನೆ ಗೊತ್ತಾಗಿ, ನಾವು ಹುಡುಗನ ಮನೆ ನೋಡಲು ಹೋದೆವು. ಅವರು ಹೋಳಿಗೆ ಬಡಿಸಿದರು. ನಮ್ಮ ಕಡೆ ಗೊತ್ತಲ್ಲ, ಬೀಗರ ಮನೆಯಲ್ಲಿ ಬೇಡ ಅಂದರೆ ಅವಮಾನ. ನಾನು ಅವರಿಗೆ ಅವಮಾನವಾಗದಂತೆ ಹನ್ನೊಂದು ಹೋಳಿಗೆ ತಿಂದೆ. ತುಪ್ಪದ ತಂಬಿಗೆ ಎರಡು ಸಲ ಒಳಗೆ ಹೋಗಿ ಬಂತು. ವಾರದ ಮೇಲೆ ಅವರಿಂದ ಮಾತು ಬಂತು: ಹುಡುಗಿ ಚೆನ್ನಾಗಿದ್ದಾಳೆ, ಆದರೆ ನಾಳೆ ಅಪ್ಪನ ಹಾಗಾದರೆ ಏನು ಗತಿ ಅಂತ ಮನೆಯ ಹಿರಿಯರಿಗೆ ಚಿಂತೆಯಂತೆ. ಮಗಳು ಎಂದಿನಂತೆ ಟಿಫಿನ್ ಡಬ್ಬಿ ಹಿಡಿದುಕೊಂಡು ಚಿತ್ತಾಪುರದ ಬ್ಯಾಂಕಿಗೆ ಕೆಲಸಕ್ಕೆ ಹೋದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತು ನನಗೆ ನಿಜವಾಗಿಯೂ ಭಾಳ ಕೆಟ್ಟದೆನಿಸಿತು.

ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಚೀಲದಂತಿದ್ದ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು, ಒಂದು ಬಾಳೆಹಣ್ಣಿನಷ್ಟು ಮಾತ್ರ ಉಳಿಸುವ ಕೆಲಸ ಅದು. ಅದಕ್ಕೆ ಸ್ಲೀವ್ ಎನ್ನುತ್ತಾರೆ. ಮನೆಯ ಮೂವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಮದುವೆಯ ಮಾತಿನ ಹೊತ್ತಿನಲ್ಲಿ ಆಪರೇಷನ್ ಎಂಬ ಶಬ್ದ ಊರಿಗೆ ಬಿದ್ದರೆ, ಮೂರನೆಯ ಮನೆ ತಲುಪುವಷ್ಟರಲ್ಲಿ ಅದು ಏನೇನೋ ರೋಗವಾಗಿರುತ್ತದೆ. ಪಾಲಿಶ್ ಮಷಿನ್ ನೋಡಲು ಹೋಗಿದ್ದೆ ಎಂದೆ. ತೂಕ ಇಳಿದ ಮೇಲೆ, ಬೆಳಗಿನ ವಾಕಿಂಗ್ ಮತ್ತು ಜೋಳದ ಅಂಬಲಿಯ ಪ್ರತಾಪ ಎಂದೆ. ಈ ಸುಳ್ಳನ್ನು ನಂಬಿ ನಮ್ಮ ಓಣಿಯ ಮೂವರು ನನ್ನ ಜೊತೆ ನಡೆಯಲು ಶುರು ಮಾಡಿದರು. ಅವರಲ್ಲೊಬ್ಬರಂತೂ ಹೊಸ ಬೂಟು ತಂದು, ಆರು ತಿಂಗಳು ಅಂಬಲಿ ಕುಡಿದು, ಎರಡು ಕಿಲೋ ಹೆಚ್ಚಾದರು. ನನ್ನಲ್ಲಿ ಏನೋ ಬೇರೆ ಗುಟ್ಟು ಇದೆ ಎಂಬಂತೆ ಅವರು ನೋಡುವಾಗ, ನಾನು ಕಾಗಿಣಾ ನದಿಯ ನೀರಿನ ಬಗ್ಗೆ ಮಾತು ತೆಗೆಯುತ್ತಿದ್ದೆ.

ಈಗ ಹೊಟ್ಟೆ ತುಂಬುವ ವಿಷಯಕ್ಕೆ ಬರುತ್ತೇನೆ. ಸ್ಲೀವ್ ಮಾಡಿಸಿಕೊಂಡವನಿಗೆ ಹೊಟ್ಟೆ ಹೊಟ್ಟೆಯಲ್ಲಿ ತುಂಬುವುದಿಲ್ಲ, ಎದೆಯ ನಡುವೆ ತುಂಬುತ್ತದೆ. ಅರ್ಧ ರೊಟ್ಟಿ, ನಾಲ್ಕು ತುತ್ತು ಪುಂಡಿಪಲ್ಯ ಒಳಗೆ ಹೋದವೋ ಇಲ್ಲವೋ, ಎದೆಗೂಡಿನ ಕೆಳಗೆ ಯಾರೋ ಅಂಗೈ ಇಟ್ಟು ಒತ್ತಿದ ಹಾಗಾಗುತ್ತದೆ. ಆಮೇಲೆ ಒಂದು ಬಿಕ್ಕಳಿಕೆ. ಅದರ ಹಿಂದೆಯೇ ಮೂಗು ಸೋರತೊಡಗುತ್ತದೆ, ಕಣ್ಣಲ್ಲಿ ನೀರು. ಅಲ್ಲಿಗೆ ನಿಲ್ಲಿಸಿದೆನೋ ಮನುಷ್ಯನಾಗಿ ಉಳಿದೆ. ಮತ್ತೊಂದು ತುತ್ತು ಇಟ್ಟೆನೋ ಹಿತ್ತಲಿಗೆ ಓಡಬೇಕು. ಐವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹೊಟ್ಟೆ ಈಗ ಮಾತಿಗೆ ಮುಂಚೆ ಜಗಳಕ್ಕೆ ಬರುತ್ತದೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂದುಕೊಂಡಿದ್ದೆ. ಆದರೆ ಹೈದರಾಬಾದಿನ ಆಸ್ಪತ್ರೆಯ ಬೆಂಚಿನ ಮೇಲೆ, ಮರುತಪಾಸಣೆಗೆ ಕುಳಿತಾಗ, ಒಬ್ಬೊಬ್ಬರ ಹೊಟ್ಟೆ ಒಂದೊಂದು ರೀತಿ ತುಂಬುತ್ತದೆಂದು ತಿಳಿಯಿತು. ವಾಡಿಯ ರಿಟೈರ್ಡ್ ರೈಲ್ವೆ ಗಾರ್ಡ್ ಒಬ್ಬರಿದ್ದರು. ಅವರಿಗೆ ಹಿಂದೆ ಯಾವಾಗಲೋ ಹೊಟ್ಟೆಯ ಕೊರಳಿಗೆ ಪಟ್ಟಿ ಕಟ್ಟಿದ್ದರಂತೆ. ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಅವರಿಗೆ ತುಂಬಿತು ಅನ್ನಿಸುವುದೇ ಇಲ್ಲ, ಸಿಕ್ಕಿಕೊಂಡಿತು ಅನ್ನಿಸುತ್ತದೆ. ತುತ್ತು ಬಂದು ಔಟರ್ ಸಿಗ್ನಲ್‌ನಲ್ಲಿ ನಿಂತ ಗಾಡಿಯ ಹಾಗೆ ನಿಲ್ಲುತ್ತದಂತೆ, ಲೈನ್ ಕ್ಲಿಯರ್ ಆಗುವತನಕ ಇವರು ಕತ್ತು ನೀಳ ಮಾಡಿಕೊಂಡು ಕಾಯಬೇಕು. ಪಕ್ಕದಲ್ಲಿ ಬೀದರ ಕಡೆಯ ಟೀಚರಮ್ಮ. ಅವರದು ಬೈಪಾಸ್: ನಿಂಬೆಹಣ್ಣಿನಷ್ಟು ಹೊಟ್ಟೆ ಉಳಿಸಿ, ಅದನ್ನು ನೇರ ಕರುಳಿಗೆ ಜೋಡಿಸುವುದು. ಖಾರ, ಉಪ್ಪು ತಿಂದರೆ ಸದ್ದಿಲ್ಲದೆ ಹಿತವಾಗಿ ತುಂಬುತ್ತದಂತೆ. ಆದರೆ ಸಿಹಿ ತಿಂದರೆ ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ನಿಂತಲ್ಲೇ ಬಿದ್ದುಕೊಳ್ಳಬೇಕೆನ್ನುವ ನಿದ್ದೆ. ಒಮ್ಮೆ ಕ್ಲಾಸಿನಲ್ಲಿ ಹುಟ್ಟುಹಬ್ಬದ ಪೇಢೆ ತಿಂದು, ಮಗ್ಗಿ ಹೇಳಿಸುತ್ತಾ ಹೇಳಿಸುತ್ತಾ ಮೇಜಿನ ಮೇಲೆ ಒರಗಿದರಂತೆ. ಮಕ್ಕಳು ಹದಿನೇಳರ ಮಗ್ಗಿಯಿಂದ ಪಾರಾದವು.

ಆಮೇಲೆ ಬಂದದ್ದು ಚಿಂಚೋಳಿಯ ಸಂಬಂಧ. ಹುಡುಗ ಬಸವರಾಜ, ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ಅಶ್ವಿನಿಯೂ ಅವನೂ ನಾಲ್ಕು ಸಲ ಫೋನಿನಲ್ಲಿ ಮಾತಾಡಿದ್ದರು. ನಾವು ಮನೆ ನೋಡಲು ಹೊರಡುವ ದಿನ ಮಗಳು ನನ್ನ ಅಂಗಿಯ ಕಾಲರ್ ಸರಿ ಮಾಡುತ್ತಾ ಮೆಲ್ಲಗೆ ಹೇಳಿದಳು, "ಅಪ್ಪಾ, ಈ ಹುಡುಗ ನನ್ನ ಮನಸ್ಸಿಗೆ ಬಂದಾನ. ಈ ಸಲ ಏನರೆ ಮಾಡಿ ಸುಧಾರಿಸ್ಕೊಂಡು ಬಾ." ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಸಲ. ಬಸ್ಸು ಕಾಳಗಿ ದಾಟುವವರೆಗೂ ನನ್ನ ಕಿವಿಯಲ್ಲಿ ಅದೇ ಮಾತು.

ನಮ್ಮ ಕಡೆಯ ಪದ್ಧತಿ ಹೀಗೆ: ಗಂಡಸರು ಹೊರಗಿನ ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಮನೆಯ ಯಜಮಾನ ಬಂದ ಬೀಗನ ಎದುರಿಗೇ ಕೂತು ಉಣ್ಣಬೇಕು, ಬೀಗ ಕೈ ಎತ್ತುವ ಮೊದಲು ತಾನು ಎತ್ತಬಾರದು. ಕೊನೆಗೆ ಒಬ್ಬರ ಬಾಯಿಗೊಬ್ಬರು ಹೋಳಿಗೆ ಇಟ್ಟರೆ ಮಾತು ಗಟ್ಟಿ. ಶಾರದಾ ಪಕ್ಕದಲ್ಲಿದ್ದರೆ ನನ್ನ ತಾಟಿನದು ಅವಳ ತಾಟಿಗೆ ಸರಿಸಬಹುದೆಂಬ ನನ್ನ ಯೋಜನೆ ಈ ಪದ್ಧತಿಯಿಂದಾಗಿ ಹೊಸ್ತಿಲಲ್ಲೇ ಸತ್ತಿತು. ಎದುರಿಗೆ ಹುಡುಗನ ತಂದೆ ಮಲ್ಲಣ್ಣನವರು ಕೂತರು. ಸಣಕಲು ಮೈ, ಜೋಲುವ ಅಂಗಿ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ: ಅವರೂ ಆಪರೇಷನ್ ಮಾಡಿಸಿಕೊಂಡವರೇ. ಅವರದು ಬೈಪಾಸ್. ಹೆಂಡತಿ ಮಗನನ್ನು ಬಿಟ್ಟರೆ ಯಾರಿಗೂ ಹೇಳದೆ, ಅವರು ತಮ್ಮ ಊರಲ್ಲಿ ಅದಕ್ಕೆ ಯೋಗಾಸನ ಅಂತ ಹೆಸರಿಟ್ಟಿದ್ದರು. ಅವತ್ತು ನನಗೆ ಅವರದು ಗೊತ್ತಿರಲಿಲ್ಲ, ಅವರಿಗೆ ನನ್ನದು ಗೊತ್ತಿರಲಿಲ್ಲ.

ಬಡಿಸಿದರು ನೋಡಿ. ಬದನೆಯ ಎಣಗಾಯಿ, ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಅನ್ನ ಸಾರು, ಅದರ ಮೇಲೆ ಬಿಸಿ ಹೋಳಿಗೆ. ನಾನು ರೊಟ್ಟಿಯನ್ನು ಅಂಚಿನಿಂದ ಅಂಚಿಗೆ ಓಡಾಡಿಸಿದೆ, ಅನ್ನ ಕಲಸಿದ್ದನ್ನೇ ಕಲಸಿದೆ. ತಲೆ ಎತ್ತಿ ನೋಡಿದರೆ ಮಲ್ಲಣ್ಣನವರೂ ಅನ್ನ ಕಲಸುತ್ತಿದ್ದರು. ನಾನು ನಿಲ್ಲಿಸಲಿ ಎಂದು ಅವರು, ಅವರು ನಿಲ್ಲಿಸಲಿ ಎಂದು ನಾನು. ಇದು ನನಗೆ ಆಗ ಅವರ ದೊಡ್ಡ ಮನಸ್ಸಾಗಿ ಕಂಡಿತು. ಅರ್ಧ ಹೋಳಿಗೆಗೆ ನನ್ನ ಎದೆ ಒತ್ತಿತು, ಬಿಕ್ಕಳಿಕೆ ಬಂತು, ಕಣ್ಣು ಮೂಗಿನಲ್ಲಿ ಧಾರೆ. ಮಲ್ಲಣ್ಣನವರು ಅದನ್ನು ನೋಡಿ ಕರಗಿಹೋದರು. ಮಗಳನ್ನು ಕೊಡುವ ಸಂಕಟಕ್ಕೆ ಅಳುತ್ತಿದ್ದೇನೆ ಎಂದುಕೊಂಡು, "ಅಳಬ್ಯಾಡ್ರಿ ಬೀಗರೆ, ನಮ್ಮನಿಗಿ ಬಂದ್ರ ಆಕಿ ನಮ್ಮ ಮಗಳೇ" ಎಂದು ಒಂದು ದೊಡ್ಡ ತುಂಡು ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ನನ್ನ ಬಾಯಿಗೆ ಇಟ್ಟೇ ಬಿಟ್ಟರು. ಇಟ್ಟ ಮೇಲೆ ನಾನೂ ಇಡಬೇಕಲ್ಲ. ಜಿಪುಣ ಅನ್ನಬಾರದೆಂದು ಅದರ ಎರಡರಷ್ಟು ಮುರಿದು ಅವರ ಬಾಯಿಗೆ ತುರುಕಿದೆ. ಅವರು ಕಣ್ಣು ಮುಚ್ಚಿಕೊಂಡು ನುಂಗಿದರು. ಭಕ್ತಿಯಿಂದ ಎಂದುಕೊಂಡೆ.

ನಾನು ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಓಡಿದೆ. ಅಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ದುರ್ದೈವಕ್ಕೆ ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆದುಕೊಂಡಿತ್ತು. ಕಾಲು ಗಂಟೆ ಬಿಟ್ಟು ವಾಪಸು ಬಂದರೆ ಪಡಸಾಲೆಯ ಗಾಳಿಯೇ ಬದಲಾಗಿತ್ತು. ಮಲ್ಲಣ್ಣನವರು ಒಂದು ಮಾತೂ ಹೇಳದೆ ಎದ್ದು ಒಳಕೋಣೆಗೆ ಹೋಗಿ ಮಲಗಿಬಿಟ್ಟಿದ್ದರು. ಅವರ ತಮ್ಮ ನನ್ನ ತಾಟಿನ ಕಡೆ, ಅದರಲ್ಲಿ ಉಳಿದ ಗುಡ್ಡೆಯ ಕಡೆ ನೋಡಿ, ಅಣ್ಣನ ಮನಸ್ಸಿಗೆ ಏನೋ ನೋವಾಗಿರಬೇಕು ಎಂದರು. ಒಳಗೆ ಹುಡುಗನ ತಾಯಿ ಶಾರದಾಳ ಕೈ ಹಿಡಿದು, ಭಾಳ ಮರ್ಯಾದೆಯಿಂದ, "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ, ನಿಮ್ಮ ಯಜಮಾನ್ರಿಗೆ ಏನರೆ ದೊಡ್ಡ ಜಡ್ಡು ಅದೇನ್ರಿ?" ಎಂದು ಕೇಳುತ್ತಿದ್ದರು. ಶಾರದಾ ಬಾಗಿಲ ಸಂದಿಯಿಂದ ನನ್ನನ್ನು ನೋಡಿದಳು. ಸೇಡಂನಲ್ಲಿ ತಿಂದು ಕೆಡಿಸಿದೆ, ಚಿಂಚೋಳಿಯಲ್ಲಿ ತಿನ್ನದೆ ಕೆಡಿಸಿದೆ.

ಏನಾದರಾಗಲಿ, ಕಾಲು ಹಿಡಿದಾದರೂ ಕ್ಷಮೆ ಕೇಳೋಣವೆಂದು ಒಳಕೋಣೆಗೆ ಹೋದೆ. ಮಲ್ಲಣ್ಣನವರು ಮಂಚದ ಮೇಲೆ ಬಿದ್ದಿದ್ದರು. ಅಂಗಿ ನೀರಲ್ಲಿ ಅದ್ದಿದ ಹಾಗೆ ಒದ್ದೆ. ಒಂದು ಕೈ ಎದೆಯ ಮೇಲೆ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿದೆ. ಸಿಟ್ಟು ಬಂದವನು ಹೀಗೆ ಬೆವರುವುದಿಲ್ಲ. ನನಗೆ ಬೀದರದ ಟೀಚರಮ್ಮನ ಪೇಢೆ ನೆನಪಾಯಿತು. ಬಾಗಿಲು ಸರಿಸಿ, ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ, "ಬೀಗರೆ, ಬೈಪಾಸೇನ್ರಿ?"

ಅವರು ಒಂದೇ ಕಣ್ಣು ತೆರೆದು ನನ್ನನ್ನು ಅಳೆದರು. ನನ್ನ ಕೆಂಪು ಮೂಗು, ನೀರುಗಣ್ಣು, ಇನ್ನೂ ನಿಲ್ಲದ ಬಿಕ್ಕಳಿಕೆ. "ನಿಮ್ದು ಸ್ಲೀವ್?" ಎಂದರು.

ನಾನು ಮಂಚದ ಅಂಚಿನಲ್ಲಿ ಕುಸಿದು ಕೂತೆ. ಇಬ್ಬರಿಗೂ ನಗು ಬಂತು. ನಕ್ಕರೆ ನನಗೆ ಎದೆ ನೋವು, ಅವರಿಗೆ ತಲೆ ಸುತ್ತು, ಆದರೂ ನಕ್ಕೆವು. "ಹಂಗಾರ ಅಷ್ಟು ದೊಡ್ಡ ತುಂಡು ನನ್ನ ಬಾಯಾಗ ಯಾಕ ತುರುಕಿದ್ರಿ ಮಹಾರಾಯರೆ?" ಎಂದು ಕೇಳಿದರು. ನೀವು ಇಟ್ಟದ್ದಕ್ಕೆ ಮರ್ಯಾದೆ ಕೊಟ್ಟೆ ಎಂದೆ. ಅವರು ಬೆವರು ಒರೆಸಿಕೊಂಡು ಏಳಲು ನೋಡಿದರು, ಆಗಲಿಲ್ಲ. ಹೊರಗೆ ಹೋಗಿ ಹೇಳುವ ಕೆಲಸ ನನ್ನ ಪಾಲಿಗೇ ಬಂತು.

ಪಡಸಾಲೆಯ ನಡುವೆ ನಿಂತು, ಹೆಂಗಸರಿಗೂ ಕೇಳುವ ಹಾಗೆ, ನನಗೆ ಯಾವ ಜಡ್ಡೂ ರೋಗವೂ ಇಲ್ಲ, ತಿಂದು ತಿಂದು ಮಗಳ ಸಂಬಂಧ ಕೆಡಿಸಿದ್ದೆ, ಅದಕ್ಕೇ ಹೊಟ್ಟೆ ಕೊಯ್ಸಿಕೊಂಡೆ, ವಾಕಿಂಗ್ ಮಾಡಿದ್ದು ಸುಳ್ಳು ಎಂದು ಒಂದೇ ಉಸಿರಿಗೆ ಹೇಳಿದೆ. ನಂಬಿಕೆಗೆ ಅಂಗಿ ಎತ್ತಿ ಕೊಯ್ದ ಐದು ಗುರುತು ತೋರಿಸಿದೆ. ಆಗ ಒಳಕೋಣೆಯಿಂದ ನಿದ್ದೆಗಣ್ಣಿನ ದನಿ ಬಂತು: "ನಂದೂ ಐದೇ ಅವ, ಬೇಕಾದ್ರ ಬಂದು ಎಣಿಸ್ಕೋರಿ." ಹುಡುಗನ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಂಡನ ಯೋಗಾಸನ ಇಡೀ ಓಣಿಗೆ ಬಯಲಾಗಿತ್ತು. ಅವತ್ತೇ ದಿನ ಗೊತ್ತು ಮಾಡಿದೆವು. ಅಶ್ವಿನಿಗೆ ಫೋನ್ ಮಾಡಿ ಗಟ್ಟಿಯಾಯಿತು ಅಂದಾಗ ಅವಳು ಅತ್ತಳು. ಸತ್ಯವಾಗಿ ಹೇಳುತ್ತೇನೆ, ಅವತ್ತು ಅದೊಂದು ಸಲ ನನ್ನ ಕಣ್ಣೀರಿಗೂ ಹೋಳಿಗೆಗೂ ಸಂಬಂಧವಿರಲಿಲ್ಲ.

ಮದುವೆಯಾಗಿ ಒಂದೂವರೆ ವರ್ಷವಾಯಿತು. ಈಗ ಹಬ್ಬಕ್ಕೆ ಅವರು ಇಲ್ಲಿಗೆ, ನಾವು ಅಲ್ಲಿಗೆ. ಇಬ್ಬರು ಬೀಗರೂ ಒಂದೇ ಸಾಲಿನಲ್ಲಿ ಕೂರುತ್ತೇವೆ, ನಡುವೆ ಬಸವರಾಜ. ಬಡಿಸುವವರು ಹಳೆಯ ಚಟದಂತೆ ನಮಗೂ ಬಡಿಸುತ್ತಾರೆ, ತಾಟಿನಲ್ಲಿ ಬಿಡುವುದು ಶೋಭೆಯಲ್ಲ. ನಾನು ಬಲಗಡೆಯಿಂದ ಅಳಿಯನ ತಾಟಿಗೆ ಸರಿಸುತ್ತೇನೆ, ಮಲ್ಲಣ್ಣನವರು ಎಡಗಡೆಯಿಂದ. ಹುಡುಗ ಸಂಭಾವಿತ, ಹಿರಿಯರಿಗೆ ಇಲ್ಲ ಅನ್ನಲಾರ. ಮೊನ್ನೆ ಹೋಳಿ ಹುಣ್ಣಿಮೆಗೆ ಬಂದಾಗ ಅಶ್ವಿನಿ ಊಟದ ನಡುವೆ ನಮ್ಮಿಬ್ಬರ ಎದುರಿಗೆ ಬಂದು ಕೂತು, ಮದುವೆಯ ಅಂಗಿ ಒಂದೂ ಇವರಿಗೆ ಬರುತ್ತಿಲ್ಲ, ಇದಕ್ಕೆ ಯಾರು ಹೊಣೆ ಎಂದು ಕೇಳಿದಳು. ನಾವು ಗಂಭೀರವಾಗಿ ಯೋಚಿಸಿದೆವು. ಅಳಿಯನಿಗೂ ಮಾಡಿಸುವ ಕಾಲ ಬಂದರೆ ಸ್ಲೀವೇ ಒಳ್ಳೆಯದು, ಸಿಹಿ ತಿನ್ನಲು ಅಡ್ಡಿಯಿಲ್ಲ ಎಂದು ನಾನು. ಛೇ ಛೇ, ಬೈಪಾಸ್ ಮಾಡಿಸಿದರೆ ಮೂಗು ಸೋರುವ ಕಾಟವಿಲ್ಲ ಎಂದು ಬೀಗರು. ಮಾತು ಬೆಳೆದು ಹಿತ್ತಲಿನವರೆಗೂ ಕೇಳುವಷ್ಟು ಜೋರಾಯಿತು. ಕೊನೆಗೆ ಹುಡುಗನನ್ನೇ ಕೇಳಿಬಿಡೋಣವೆಂದು ಇಬ್ಬರೂ ಅವನ ಕಡೆ ತಿರುಗಿದೆವು. ಪಾಪ, ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಬಾಯಲ್ಲಿ ನನ್ನ ಪಾಲಿನ ಹೋಳಿಗೆ ಇತ್ತು, ಕೈಯಲ್ಲಿ ಅವರಪ್ಪನದು.