ಹೆಬ್ಬಾವಿನ ಮರಿಗೊಂದು ಹಾಸು

ಬೇಡ ಎನ್ನಲು ಬಾರದ ಮನುಷ್ಯ ನಾನು. ಊಟದ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿಯಲೂ ನಾಚುವವನು ಕಚೇರಿಯ ಸಾಹೇಬರಿಗೆ ಹೇಗೆ ಬೇಡ ಎಂದಾನು? ಬೆಳಗಾವಿಯ ಕ್ಯಾಂಪಿನ ಬಂಗಲೆಯಲ್ಲಿದ್ದ ನಮ್ಮ ಸಾಹೇಬರು ರಜೆಯ ಮೇಲೆ ವಿಲಾಯತಿಗೆ ಹೊರಟಾಗ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಈ ಬಡ ಕಾರಕೂನನ ಕೈಗಿಟ್ಟರು. ಒಳಗೆ ಅವರು ಸಾಕಿದ ಹೆಬ್ಬಾವಿನ ಮರಿ. "ಹಾಸು ಒಣಗಕೂಡದು, ಕೊಚ್ಚೆಯೂ ಆಗಕೂಡದು" ಎಂದಷ್ಟೇ ಹೇಳಿ ರೈಲು ಹತ್ತಿದರು. ಪೆಟ್ಟಿಗೆಯ ತಳದಲ್ಲಿದ್ದ ಹಾಸು ನಾರತೊಡಗಿದ್ದರಿಂದ ಅದನ್ನು ಮೊದಲ ವಾರವೇ ಚೆಲ್ಲಿ ಜಾಣನಾದೆ.

ಮಳೆ ನಿಂತು ಗಾಳಿ ಒಣಗಿತು. ಮರಿಯ ಕಣ್ಣು ಮಂಜಾದವು. ಪೊರೆ ಬಿಡುವ ಕಾಲ, ಆದರೆ ತೇವ ಸಾಲದೆ ಪೊರೆ ಮೈಗೇ ಅಂಟಿತು, ಕಣ್ಣಿಗೂ ಅಂಟಿತು. ಹೀಗೇ ಬಿಟ್ಟರೆ ಕುರುಡಾಗುತ್ತದೆ ಎಂದು ಹಾವಾಡಿಗನೊಬ್ಬ ಹೇಳಿ ಹೋದ. ನನಗೆ ಊಟ ಸೇರಲಿಲ್ಲ. ಹೊಳೆಯ ಮರಳು ಹಾಕಿದೆ. ನೀರೆಲ್ಲ ತಳಕ್ಕಿಳಿದು ಮೇಲೆ ಒಣಮರಳೇ ಉಳಿಯಿತು. ರವಿವಾರ ಪೇಟೆಯಿಂದ ಹುಲ್ಲು ತಂದೆ, ಬೂಸಲು ಹಿಡಿಯಿತು. ಕಟ್ಟಿಗೆಯ ಹೊಟ್ಟು ಹಾಕಿದರೆ ಪಾಪ, ಅದರ ಬಾಯಿಗೆಲ್ಲ ಮೆತ್ತಿತು. ಕೊನೆಗೆ ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದ ನನ್ನ ಷಡ್ಡಕನ ಬಳಿ ಓಡಿದೆ. "ಅಡವ್ಯಾಗ ಹಾವಿಗೆ ಯಾರ್ ಗಾದಿ ಹಾಸ್ತಾರ್ರೀ? ಕೊಳತ ಎಲಿ ಮ್ಯಾಲ ಮಲಗತೈತಿ" ಎಂದು ಅವನು ಒಂದು ಚೀಲ ತುಂಬಿಕೊಟ್ಟ. ಮರುದಿನ ಎಲೆಯಿಂದ ಕೆಂಪಿರುವೆ ಎದ್ದವು. ಮರಿ ಹೊರಳಾಡಿತು, ಬಿಡಿಸಹೋದ ನಾನು ಧೋತರ ಕೊಡವುತ್ತ ಅಂಗಳದಲ್ಲಿ ಕುಣಿದೆ.

ಅದು ನವರಾತ್ರಿಯ ಎಂಟನೆಯ ದಿನ. ನಮ್ಮ ಕಡೆ ದೇವಿಯ ಕುಂಭದ ಕೆಳಗೆ ಮಣ್ಣು ಹರವಿ, ಕಾಳು ಬಿತ್ತಿ, ಸಸಿ ಎಬ್ಬಿಸುತ್ತಾರೆ; ಘಟ ಕೂಡಿಸುವುದು ಎಂದರೆ ಅದೇ. ಇರುವೆ ಘಟಕ್ಕೆ ಹತ್ತಿದವೆಂದು ಸಿಟ್ಟಿನಿಂದ ಬಂದ ನನ್ನ ಹೆಂಡತಿ ಮೊದಲ ಸಲ ಪೆಟ್ಟಿಗೆಯೊಳಗೆ ಇಣುಕಿದಳು.

"ಅಯ್ಯ ಶಿವನ! ಇದಕ್ಕ ಕಣ್ಣ ಕಾಣಂಗಿಲ್ಲಲ್ರೀ!"

ನಾನು ತೇವದ ಶಾಸ್ತ್ರ ಹೇಳತೊಡಗಿದೆ.

"ಸಾಕ ಬಿಡ್ರಿ. ಒಂಬತ್ತ ದಿನಾ ಮಣ್ಣ ಒಣಗದಂಗ, ಕೊಳೀದಂಗ ವರ್ಷಾ ವರ್ಷಾ ಸಸಿ ಎಬ್ಬಸ್ತೀನಿ. ಊರೆಲ್ಲಾ ಕೇಳಿದ್ರಿ, ನನ್ನ ಒಂದ ಮಾತ ಕೇಳಾಕ ಏನಾಗಿತ್ತು?"

ಅವಳು ಎಲೆಯನ್ನು ಬಿಸಿಲಿಗೆ ಹರವಿ ಇರುವೆ ಓಡಿಸಿ, ಜರಡಿ ಹಿಡಿದಳು. ದಸರೆಯ ದಿನ ಸಸಿ ಕಿತ್ತ ಮೇಲೆ ತುಳಸಿಗೆ ಹೋಗಬೇಕಾದ ಘಟದ ಮಣ್ಣನ್ನು ಅದಕ್ಕೆ ಬೆರೆಸಿದಳು. "ದೇವರ ಮಣ್ಣಲ್ಲವೇ?" ಎಂದೆ. "ಆಕಿ ಬ್ಯಾಡ ಅಂತಾಳೇನ್ರೀ? ಮುಟಗ್ಯಾಗ ಹಿಡದ್ ನೋಡ್ರಿ, ಉಂಡಿ ಆಗಬೇಕು, ನೀರ್ ಸೋರಬಾರದು."

ನಾಲ್ಕನೆಯ ದಿನ ಬೆಳಿಗ್ಗೆ ಕಣ್ಣಿನ ಪದರು ಸಹಿತ ಇಡೀ ಪೊರೆ ಬಿದ್ದಿತ್ತು. ಹೊಳೆಯುವ ಎರಡು ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಹಾವಿಗಾಗಿ ಅಳುವುದುಂಟೇ? ನಾನು ಅತ್ತೆ.

ಸಾಹೇಬರು ಮರಳಿ ಬಂದು ನನ್ನ ಬೆನ್ನು ತಟ್ಟಿ ಮರಿಯನ್ನು ಕ್ಯಾಂಪಿಗೆ ಒಯ್ದರು; ದಿನವೂ ಬಂದು ಅದರ ಹಾಸು ನೋಡಿಕೊಳ್ಳಲು ನನಗೇ ಹೇಳಿದರು. ಹೊಗಳಿಕೆಯನ್ನು ನಾನೊಬ್ಬನೇ ನುಂಗಿದೆ. ಅದರ ಶಿಕ್ಷೆ ಈಗ ನಡೆದಿದೆ. ಸಂಜೆ ಕ್ಯಾಂಪಿನಿಂದ ಬಿಸಿಲಲ್ಲಿ ನಡೆದು, ಗಂಟಲು ಆರಿ ಬಾಗಿಲಿಗೆ ಬಂದರೆ ನನ್ನ ಹೆಂಡತಿ ಕೇಳುವ ಮೊದಲ ಮಾತು, "ಅದರ ಮಣ್ಣಿಗೆ ನೀರ್ ಚಿಮಕಿಸಿ ಬಂದ್ರಿಲ್ಲೋ?" ಬಂದೆ ಎಂದು ಹೇಳಿ, ಒಳಗೆ ಹೋಗಿ, ನನ್ನ ನೀರನ್ನು ನಾನೇ ಬಗ್ಗಿಸಿಕೊಂಡು ಕುಡಿಯುತ್ತೇನೆ.