ಅಣ್ಣು ಅವರ ಬೊಜ್ಜ, ಡಾಮರು ಸಹಿತ

ನಮ್ಮ ಕ್ಷೇತ್ರದ ಮಾನ್ಯ ಶಾಸಕ ಪೀತಾಂಬರಣ್ಣನವರು ೧೯೯೯ರಿಂದ ಐದು ವರ್ಷಗಳ ಅವಧಿಯಲ್ಲಿ ಒಂದು ಸಾವಿರದ ಎಂಟುನೂರ ಹನ್ನೊಂದು ಬೊಜ್ಜಗಳಿಗೆ ಹಾಜರಾಗಿ, ವಿಧಾನಸಭೆಯಲ್ಲಿ ಎರಡು ಸಲ ಮಾತಾಡಿದರು. ಆ ಎರಡೂ ಸಂತಾಪ ಸೂಚಕ ಭಾಷಣಗಳೇ ಆಗಿದ್ದವು.

ಸತ್ತವರ ಉತ್ತರಕ್ರಿಯೆಯ ಊಟಕ್ಕೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಶಾಸಕರ ಆಪ್ತ ಸಹಾಯಕ ರೊಸಾರಿಯೊ ಅವರು ಇದರ ಮಹತ್ವವನ್ನು ಒಮ್ಮೆ ನನಗೆ ವಿವರಿಸಿದ್ದರು. "ಮದುವೆಗೆ ಬಾರದಿದ್ದರೆ ಜನ ಮರೀತಾರೆ. ಬೊಜ್ಜಕ್ಕೆ ಬಾರದಿದ್ದರೆ ಮುಂದಿನ ಚುನಾವಣೆವರೆಗೆ ನೆನಪು ಇಟ್ಟುಕೊಳ್ತಾರೆ." ನಾನು ಯುವಕ ಮಂಡಲದ ಕಾರ್ಯದರ್ಶಿ. ಆಗ ನನಗೆ ಐವತ್ತೆರಡು ವರ್ಷ.

೨೦೦೧ರಲ್ಲಿ ಹೆಬ್ರಿ ಕಡೆಯ ಒಂದು ಬೊಜ್ಜಕ್ಕೆ ಹೋಗುವಾಗ ಶಾಸಕರ ಕಾರು ಕೆಸರಿನಲ್ಲಿ ಹೂತುಹೋಗಿ, ಅವರು ಒಂದೇ ಚಪ್ಪಲಿಯಲ್ಲಿ ಭಾಷಣ ಮಾಡಬೇಕಾಯಿತು. ಕೂಡಲೇ ಸುತ್ತೋಲೆ ಹೊರಬಿತ್ತು: "ಮಾನ್ಯ ಶಾಸಕರು ಉತ್ತರಕ್ರಿಯೆಗೆ ತೆರಳುವ ದಾರಿಗೆ ನಾಲ್ಕು ದಿನ ಮುಂಚಿತವಾಗಿ ಡಾಮರು ಹಾಕತಕ್ಕದ್ದು. ಮೃತರು ಬದುಕಿದ್ದಾಗ ರಸ್ತೆಗಾಗಿ ಸಲ್ಲಿಸಿದ ಅರ್ಜಿಗಳನ್ನು ಪರಿಗಣಿಸತಕ್ಕದ್ದಲ್ಲ."

ನಮ್ಮ ಓಣಿ ಉದ್ಯಾವರದ ಹೆದ್ದಾರಿಯಿಂದ ಒಳಗೆ ಅರ್ಧ ಮೈಲು. ಅದರ ತುದಿಯಲ್ಲಿ, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಣ್ಣು ಅವರ ಮನೆ. ಅವರ ಹೆಂಡತಿ ಕುಶಲಕ್ಕನಿಗೆ ಕಾಲಿನ ಸ್ವಾಧೀನ ತಪ್ಪಿತ್ತು. ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಚಿಕಿತ್ಸೆಗೆ ಹೋಗಬೇಕು. ರಿಕ್ಷಾದವರು ಹೊಂಡ ನೋಡಿ ಹೆದ್ದಾರಿಯಲ್ಲೇ ನಿಲ್ಲುತ್ತಿದ್ದರು. ಹಾಗಾಗಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾವು ನಾಲ್ವರು ಹೊರುತ್ತಿದ್ದೆವು.

"ನಾಳೆ ಹೊರಬೇಕಾದದ್ದಕ್ಕೆ ಈಗಲೇ ಅಭ್ಯಾಸ ಮಾಡ್ತೀರಿ ಅಲ್ವಾ?" ಎಂದು ಕುಶಲಕ್ಕ ಮೇಲಿನಿಂದ ನಗುತ್ತಿದ್ದರು.

ಏಳು ಅರ್ಜಿ ಕೊಟ್ಟಾದ ಮೇಲೆ ರೊಸಾರಿಯೊ ಅವರು ನನ್ನನ್ನೂ ಅಣ್ಣು ಅವರನ್ನೂ ಕೂರಿಸಿ ಪ್ರೀತಿಯಿಂದ ವಿಚಾರಿಸಿದರು.

"ನಿಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡದ್ದು ಉಂಟಾ?"

"ಒಂಬತ್ತು ವರ್ಷದಿಂದ ಇಲ್ಲ," ಎಂದೆ.

"ಹೀಗೆ ಅಸಹಕಾರ ಮಾಡಿದರೆ ಶಾಸಕರು ಎಂತ ಮಾಡುವುದು ಮಾರಾಯ್ರೆ?"

"ಹಾಗಾದರೆ ನನ್ನ ಬೊಜ್ಜ ಇಡಿ," ಎಂದರು ಅಣ್ಣು.

ಮನೆಯಲ್ಲಿ ಕುಶಲಕ್ಕ ಸಿಟ್ಟಾದರು. "ನನ್ನನ್ನು ಒಂದು ಮಾತು ಕೇಳದೆ ಸಾಯುವುದು ಎಂತ ಕ್ರಮ?"

"ನಿನ್ನ ಕಾಲಿಗೋಸ್ಕರ ಅಲ್ವಾ?" ಎಂದರು ಅಣ್ಣು. ಕುಶಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

ಬೊಜ್ಜದ ಕಾಗದ ಅಚ್ಚಾಯಿತು. ಮರುದಿನವೇ ಡಾಮರಿನ ಲಾರಿ ಬಂತು. ಕೆಲಸದವರಿಗೆ ಅಣ್ಣು ಅವರೇ ಚಹಾ ಕೊಟ್ಟರು. ಗದಗದ ಕಡೆಯಿಂದ ಬಂದ ಹುಲಿಗೆವ್ವ ಜಲ್ಲಿಯ ಬುಟ್ಟಿ ಇಳಿಸಿ, "ಯಾರ್ ತೀರ್ಕೊಂಡಾರ್ರೀ ಅಜ್ಜಾರ?" ಎಂದು ಕೇಳಿದಳು.

"ನಾನೇ."

"ಆಗ್ಲಿ ಬಿಡ್ರಿ, ಎಲ್ಲಾರೂ ಒಂದಿನ ಹೋಗೋರ. ನನ್ನ ಚಾಕ್ಕ ಸಕ್ರಿ ಸ್ವಲ್ಪ ಜಾಸ್ತಿ ಹಾಕ್ರಿ."

ಬೊಜ್ಜಕ್ಕೆ ಮುನ್ನೂರು ಜನ ಸೇರಿದರು. ಶಾಸಕರ ಕಾರು ಅಂಗಳದವರೆಗೆ ಬಂತು. ಅವರು ಫೋಟೊಕ್ಕೆ ಹಾರ ಹಾಕಿ, ಮೃತರೊಡನೆ ತಮಗಿದ್ದ ನಲವತ್ತು ವರ್ಷಗಳ ಒಡನಾಟವನ್ನು ನೆನೆದು ಗದ್ಗದಿತರಾದರು. ಎದುರು ಸಾಲಿನಲ್ಲಿ ಕೂತಿದ್ದ ಅಣ್ಣು ಅವರಿಗೂ ಕಣ್ಣು ತುಂಬಿತು. ಆ ಮಾತುಗಳು ಅಷ್ಟು ಚೆನ್ನಾಗಿದ್ದವು.

ಊಟವಾಗಿ ಕೈತೊಳೆಯುವಲ್ಲಿ ಶಾಸಕರು ಅಣ್ಣು ಅವರ ಮುಖ ನೋಡಿದರು. "ನೀವು ಮೃತರ ತಮ್ಮನಾ?"

ಅಣ್ಣು ಅವರಿಗೆ ಸುಳ್ಳು ಬರುವುದಿಲ್ಲ. "ಅಲ್ಲ, ನಾನೇ ಅಣ್ಣು," ಎಂದರು.

ನಾನು ಓಣಿಯ ಕಡೆ ನೋಡಿದೆ. ಡಾಮರು ಇನ್ನೂ ಸರಿಯಾಗಿ ಆರಿರಲಿಲ್ಲ. ಶಾಸಕರು ರೊಸಾರಿಯೊ ಅವರ ಕಡೆ ತಿರುಗಿದರು.

"ತೀರಿಕೊಂಡದ್ದು ರಿಜಿಸ್ಟರಿನಲ್ಲಿ ಬರೆದಾಗಿದೆ ಸರ್," ಎಂದರು ರೊಸಾರಿಯೊ.

ಶಾಸಕರು ಅಣ್ಣು ಅವರ ಎರಡೂ ಕೈ ಹಿಡಿದುಕೊಂಡರು. "ಧೈರ್ಯ ತಂದುಕೊಳ್ಳಿ. ಹೋದವರು ಬರುವುದಿಲ್ಲ," ಎಂದು ಹೇಳಿ ಕಾಪುವಿನಲ್ಲಿದ್ದ ಇನ್ನೊಂದು ಬೊಜ್ಜಕ್ಕೆ ಹೊರಟರು.

ವಾರದೊಳಗೆ "ದಿವಂಗತ ಅಣ್ಣು ರಸ್ತೆ" ಎಂಬ ಫಲಕ ಬಂತು. ರಿಕ್ಷಾ ಜಗಲಿಯ ಬುಡಕ್ಕೇ ಬಂದು ನಿಲ್ಲತೊಡಗಿತು. ಅತ್ತ ಮತದಾರರ ಪಟ್ಟಿಯಿಂದ ಅಣ್ಣು ಅವರ ಹೆಸರು ಹೋಯಿತು. ರೇಶನ್ ಕಾರ್ಡಿನಿಂದ ಹೋಯಿತು. ವೃದ್ಧಾಪ್ಯ ವೇತನವೂ ನಿಂತಿತು. ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ರಿಕ್ಷಾ ನಿಲ್ಲಿಸಿ ಅವರು ತಾಲೂಕು ಕಚೇರಿಯಲ್ಲಿ ಕೇಳಿದರು.

"ಜೀವಂತ ಎಂದು ಬರೆಯಬಹುದು," ಎಂದರು ಅಲ್ಲಿನ ಗುಮಾಸ್ತರು, "ಆದರೆ ಆಗ ರಸ್ತೆಗೆ ಆಧಾರ ಇರುವುದಿಲ್ಲ. ಡಾಮರು ಎಬ್ಬಿಸಬೇಕಾಗ್ತದೆ. ಎರಡರಲ್ಲಿ ಯಾವುದು ಬೇಕು ಹೇಳಿ."

ಅಣ್ಣು ಅವರು ಕಿಟಕಿಯಿಂದ ಹೊರಗೆ ನೋಡಿದರು. ಕುಶಲಕ್ಕ ರಿಕ್ಷಾದಲ್ಲಿ ಆರಾಮವಾಗಿ ಕೂತು ಕಡಲೆ ತಿನ್ನುತ್ತಿದ್ದರು. "ಬೇಡ," ಎಂದರು ಅಣ್ಣು, "ನಾನು ಹೀಗೇ ಇರ್ತೇನೆ."

೨೦೦೪ರಲ್ಲಿ ಪೀತಾಂಬರಣ್ಣನವರು ಪುನಃ ಗೆದ್ದರು. ನಮ್ಮ ಓಣಿಯಿಂದ ಒಂದು ಮತ ಕಡಿಮೆ ಬಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಡಾಮರಿಗೂ ಆಯುಷ್ಯ ಎಂಬುದು ಉಂಟಷ್ಟೆ. ೨೦೦೭ರ ಮಳೆಗಾಲ ಮುಗಿಯುವಾಗ ಹೊಂಡಗಳು ಹಳೆಯ ಜಾಗಕ್ಕೇ ಮರಳಿದ್ದವು. ರಿಕ್ಷಾ ಹೆದ್ದಾರಿಯಲ್ಲೇ ನಿಂತಿತು. ಕುಶಲಕ್ಕ ಮತ್ತೆ ಪ್ಲಾಸ್ಟಿಕ್ ಕುರ್ಚಿ ಹತ್ತಿದರು, ಆದರೆ ಈ ಸಲ ನಗಲಿಲ್ಲ. ಅಣ್ಣು ಅವರು ಪುನಃ ಸಾಯಲು ಸಿದ್ಧರಿದ್ದರೂ ರೊಸಾರಿಯೊ ಅವರು ನಿಯಮ ತೋರಿಸಿದರು: "ಒಬ್ಬರಿಗೆ ಒಂದೇ ಬೊಜ್ಜ."

ಯುವಕ ಮಂಡಲದ ತುರ್ತು ಸಭೆ ಕರೆದೆವು. ಹದಿನಾಲ್ಕು ಮನೆಯವರೂ ಮುಂದೆ ಬಂದದ್ದರಿಂದ ಚೀಟಿ ಎತ್ತಬೇಕಾಯಿತು. ಚೀಟಿ ಎತ್ತಿದವರು ಅಣ್ಣು. ನಿಷ್ಪಕ್ಷಪಾತಕ್ಕೆ ಮೃತರಿಗಿಂತ ಯೋಗ್ಯರು ಇಲ್ಲವೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತ್ತು. ಅವರು ಹೆಸರು ಓದಿ ನನ್ನ ಬೆನ್ನು ತಟ್ಟಿದರು.

"ಮೊದಲ ವರ್ಷ ಮಾತ್ರ ಸ್ವಲ್ಪ ಕಷ್ಟ. ಮತ್ತೆ ಅಭ್ಯಾಸ ಆಗ್ತದೆ."

ಆದ್ದರಿಂದ ಬರುವ ಆದಿತ್ಯವಾರ ಮಧ್ಯಾಹ್ನ ನನ್ನ ಬೊಜ್ಜ. ತಾವೆಲ್ಲರೂ ಸಕುಟುಂಬ ಬಂದು, ಊಟ ಮಾಡಿ, ನನಗೆ ಸದ್ಗತಿ ಕೋರಬೇಕಾಗಿ ವಿನಂತಿ. ಡಾಮರು ನಿನ್ನೆಯೇ ಆಗಿದೆ. ಕಾರು ಅಂಗಳದವರೆಗೆ ಬರುತ್ತದೆ.